ಬೆಂಗಳೂರಿನಿಂದ ಮೊದಲ ಸಲ ರಫ್ತು: ಕಸ್ಟಮ್ಸ್‌ಗೆ ಏನೇನು ಕಾಗದ ಬೇಕು?

ಚನ್ನಪಟ್ಟಣದ ಗೊಂಬೆಗಳನ್ನು ವಿಮಾನದಲ್ಲಿ ದುಬೈಗೆ ಕಳಿಸಬೇಕು, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ಮೊದಲು ಡಿಜಿಎಫ್‌ಟಿ (ಕೇಂದ್ರದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ) ವೆಬ್‌ಸೈಟಿನಲ್ಲಿ ಐಇಸಿ, ಅಂದರೆ ಆಮದು-ರಫ್ತು ಮಾಡುವವರ ಕೋಡ್, ಮಾಡಿಸಿ. ಶುಲ್ಕ 500 ರೂಪಾಯಿ, ಪ್ಯಾನ್ ನಂಬರೇ ಐಇಸಿ ನಂಬರ್. ಆಮೇಲೆ ಬ್ಯಾಂಕಿನಿಂದ ಎಡಿ ಕೋಡ್ (ವಿದೇಶಿ ಹಣದ ವ್ಯವಹಾರ ಮಾಡುವ ಬ್ಯಾಂಕಿನ ಕೋಡ್) ಪತ್ರ ತಂದು ಕಸ್ಟಮ್ಸ್‌ನ ಆನ್‌ಲೈನ್ ಪೋರ್ಟಲ್ ಐಸ್‌ಗೇಟ್‌ನಲ್ಲಿ ನೋಂದಾಯಿಸಿ. ಹೊಸಬರು ಇದನ್ನೇ ಮರೆಯುವುದು ಜಾಸ್ತಿ. ಜಿಎಸ್‌ಟಿಯಲ್ಲಿ ಎಲ್‌ಯುಟಿ (ತೆರಿಗೆ ಕಟ್ಟದೆ ರಫ್ತು ಮಾಡಲು ಕೊಡುವ ಮುಚ್ಚಳಿಕೆ ಪತ್ರ) ಹಾಕಿಬಿಡಿ. ಇಲ್ಲದಿದ್ದರೆ ತೆರಿಗೆ ಕಟ್ಟಿ, ವಾಪಸ್ ಬರೋವರೆಗೆ ಕಾಯಬೇಕು, ಸುಮ್ನೆ ದುಡ್ಡು ಸಿಕ್ಕಿಕೊಳ್ಳುತ್ತದೆ.

ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ನಾನೊಮ್ಮೆ ಒಂದರಲ್ಲಿ 40 ಬಾಕ್ಸ್, ಇನ್ನೊಂದರಲ್ಲಿ 39 ಅಂತ ಬರೆದು ದೇವನಹಳ್ಳಿ ಕಾರ್ಗೋದಲ್ಲಿ ಅರ್ಧ ದಿನ ಕೂತಿದ್ದೆ! ಆಟಿಕೆಗಳ ಎಚ್‌ಎಸ್ ಕೋಡ್ (ಮಾಲು ಯಾವ ಬಗೆಯದು ಅಂತ ಹೇಳುವ ಸಂಖ್ಯೆ) 9503ರಿಂದ ಶುರು. ಶಿಪ್ಪಿಂಗ್ ಬಿಲ್ಲನ್ನು, ಅಂದರೆ ಕಸ್ಟಮ್ಸ್‌ಗೆ ಕೊಡುವ ರಫ್ತು ಘೋಷಣೆಯನ್ನು, ಕಸ್ಟಮ್ಸ್ ಬ್ರೋಕರ್ (ಏಜೆಂಟ್) ಕೈಲೇ ಹಾಕಿಸಿ. ಅಧಿಕಾರಿ ‘ಲೆಟ್ ಎಕ್ಸ್‌ಪೋರ್ಟ್ ಆರ್ಡರ್’ (ರಫ್ತಿಗೆ ಅನುಮತಿ) ಕೊಟ್ಟ ಮೇಲೇ ಮಾಲು ವಿಮಾನ ಹತ್ತುವುದು.