ನಲವತ್ತು ವರ್ಷ ವೇಷ ಕಟ್ಟಿದ ಕಲಾವಿದರಿಗೆ ವಿಕಿಪೀಡಿಯದಲ್ಲಿ ಯಾಕೆ ಜಾಗವಿಲ್ಲ?

ನೀವು ಹೇಳಿದ್ದು ಇಷ್ಟು: ನಿಮ್ಮ ಸೋದರಮಾವ ನಲವತ್ತು ವರ್ಷ ಬಡಗುತಿಟ್ಟಿನ, ಎಂದರೆ ಉತ್ತರದ ಶೈಲಿಯ, ಯಕ್ಷಗಾನ ಮೇಳಗಳಲ್ಲಿ ಸ್ತ್ರೀವೇಷ ಮಾಡಿದವರು. ಅವರ ಬಗ್ಗೆ ಕನ್ನಡ ವಿಕಿಪೀಡಿಯದಲ್ಲಿ ಪುಟ ಬರೆದಿರಿ, ‘ಗಮನಾರ್ಹತೆ ಕಾಣುತ್ತಿಲ್ಲ’ ಎಂದು ವಾರದೊಳಗೆ ಅಳಿಸಿದರು. ಅಳಿಸಿದವರಿಗೆ ಯಕ್ಷಗಾನದ ಗಂಧಗಾಳಿಯಾದರೂ ಇದೆಯೇ ಎಂದೂ ಕೇಳಿದ್ದೀರಿ.

ಇಲ್ಲದಿರಬಹುದು. ಅಳಿಸಿದ್ದು ನಾನಲ್ಲ, ಆದರೆ ಹತ್ತು ವರ್ಷದಿಂದ ಅಲ್ಲಿ ಬರೆಯುತ್ತಿದ್ದೇನೆ, ಇಂಥ ಕೆಲವು ಪುಟಗಳನ್ನು ಅಳಿಸಲು ನಾನೂ ಸೂಚಿಸಿದ್ದೇನೆ. ಆಗ ವ್ಯಕ್ತಿ ದೊಡ್ಡವರೋ ಸಣ್ಣವರೋ ಎಂದು ತೂಗುವ ಗೋಜಿಗೆ ಹೋಗುವುದಿಲ್ಲ. ನೋಡುವುದು ಒಂದೇ: ಅವರನ್ನಾಗಲಿ, ಮನೆಯವರನ್ನಾಗಲಿ, ಶಿಷ್ಯರನ್ನಾಗಲಿ ಒಂದು ಮಾತೂ ಕೇಳದೆ, ಸಂಬಂಧವಿಲ್ಲದವರು ಅಚ್ಚು ಹಾಕಿದ್ದನ್ನಷ್ಟೇ ಓದಿಕೊಂಡು ನಾಲ್ಕು ಪ್ಯಾರಾ ಬರೆಯಲು ಆಗುತ್ತದೆಯೇ?

ಕೆಲವು ವರ್ಷಗಳ ಹಿಂದೆ ನಮ್ಮ ಸಂಪಾದನಾ ಶಿಬಿರಕ್ಕೆ ಒಬ್ಬ ಹುಡುಗ ತನ್ನ ಅಜ್ಜನ ಫೈಲು ಹಿಡಿದು ಬಂದಿದ್ದ. ಅಜ್ಜ ಮದ್ದಲೆಗಾರರು. ರೆಕ್ಸಿನ್ ಹೊದಿಕೆಯ ಫೈಲಿನಲ್ಲಿ ಮೂವತ್ತೊಂದು ಪತ್ರಿಕಾ ತುಣುಕುಗಳು. ಚಾಪೆಯ ಮೇಲೆ ಹರಡಿಕೊಂಡು ಇಬ್ಬರೂ ಕೂತೆವು. ಹದಿನಾಲ್ಕು ‘ಇಂದಿನ ಕಾರ್ಯಕ್ರಮ’ದವು, ಹಿಮ್ಮೇಳದ ಸಾಲಿನಲ್ಲಿ ಅಜ್ಜನ ಹೆಸರು, ಮುಗಿಯಿತು. ಒಂಬತ್ತು ಸನ್ಮಾನದ ಸುದ್ದಿ: ಶಾಲು, ಹಾರ, ಹಣ್ಣಿನ ಬುಟ್ಟಿ. ಅದರಲ್ಲೂ ಮೂರು ಪತ್ರಿಕೆಗಳ ಸುದ್ದಿ ಅಕ್ಷರಕ್ಕೆ ಅಕ್ಷರ ಒಂದೇ, ಸಂಘಟಕರು ಕಳಿಸಿದ ಪ್ರಕಟಣೆಯನ್ನು ಹಾಗೇ ಇಳಿಸಿದ್ದರು. ನಾಲ್ಕು ಶುಭಾಶಯದ ಜಾಹೀರಾತು, ಎರಡು ವಾಚಕರ ಪತ್ರ, ಒಂದು ಪ್ರಶಸ್ತಿ ಪಟ್ಟಿ. ಉಳಿದದ್ದು ಭಾನುವಾರದ ಪುರವಣಿಯ ಅರ್ಧ ಪುಟ. ಲೇಖಕರ ಹೆಸರಿತ್ತು. ಅಜ್ಜನ ನುಡಿಸಾಣಿಕೆ ಉಳಿದವರಿಗಿಂತ ಹೇಗೆ ಬೇರೆ, ಯಾವ ಭಾಗವತರ ಜೊತೆ ಎಷ್ಟು ತಿರುಗಾಟ (ಮೇಳದ ವರ್ಷದ ಸಂಚಾರ) ಮಾಡಿದರು, ಒಮ್ಮೆ ತಿರುಗಾಟದ ನಡುವೆಯೇ ಮೇಳ ಬಿಟ್ಟದ್ದು ಯಾಕೆ, ಎಲ್ಲ ಇತ್ತು. ಕೊನೆಯದನ್ನು ಮನೆಯವರು ಜನ್ಮದಲ್ಲಿ ಬರೆಯುತ್ತಿರಲಿಲ್ಲ. ಮೂವತ್ತೊಂದರಲ್ಲಿ ಲೆಕ್ಕಕ್ಕೆ ಬಂದದ್ದು ಅದೊಂದೇ. ಅಂಥವು ಎರಡು ಮೂರಾದರೂ ಬೇಕು ಎಂದೆ. ಹುಡುಗ ಏನೂ ಅನ್ನಲಿಲ್ಲ, ಇಸವಿ ನೋಡಿಕೊಂಡು ಒಂದೊಂದನ್ನೂ ಮೊದಲಿದ್ದ ಪ್ಲಾಸ್ಟಿಕ್ ಹಾಳೆಗೇ ಸೇರಿಸಿದ.

ನಿಮ್ಮ ಮಾವನ ಫೈಲನ್ನೂ ಹೀಗೇ ಹರಡಿ ನೋಡಿ.

ಅಭಿನಂದನ ಗ್ರಂಥ ಇದೆ ಎಂದು ಬರೆದಿದ್ದೀರಿ. ನಮ್ಮಲ್ಲಿ ಜಗಳ ಹತ್ತುವುದೇ ಇಲ್ಲಿ. ಗ್ರಂಥ ತರುವುದು ಅಭಿಮಾನಿಗಳ ಸಮಿತಿ, ಕಾರ್ಯದರ್ಶಿ ಎಷ್ಟೋ ಸಲ ಅಳಿಯನೇ ಆಗಿರುತ್ತಾರೆ. ಹುಟ್ಟಿದ ಊರು, ಇಸವಿ, ಮೇಳಗಳ ಹೆಸರು ತೆಗೆದುಕೊಳ್ಳಲು ಅದು ಧಾರಾಳ ಸಾಕು. ಗಮನಾರ್ಹತೆಗೆ ಮಾತ್ರ ನಾನು ಅರ್ಧ ಅಂಕ ಕೊಡುತ್ತೇನೆ, ಅದೂ ಒಳಗೆ ವಿಮರ್ಶಕರೊಬ್ಬರು ಕಲೆಯ ಬಗ್ಗೆಯೇ ಬರೆದ ಲೇಖನವಿದ್ದರೆ. ಸೊನ್ನೆ ಕೊಡುವವರೂ ಇದ್ದಾರೆ.

ಪ್ರಶಸ್ತಿಗಳ ಕಥೆಯೂ ಹಾಗೇ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ 2012ರಲ್ಲಿ ಪದ್ಮಶ್ರೀ ಬಂತು. ಆದರೆ ಅವರ ಪುಟವನ್ನು ಯಾರೂ ಪ್ರಶ್ನಿಸದಿರುವುದು ಪದಕದಿಂದಲೇ ಅಲ್ಲ, ಅವರ ಕುಣಿತದ ಬಗ್ಗೆ ದಶಕಗಟ್ಟಲೆ ಜನ ಬರೆದಿದ್ದರು. ರಾಜ್ಯೋತ್ಸವ ಪ್ರಶಸ್ತಿ ಈಚೆಗೆ ರಾಜ್ಯಕ್ಕೆ ಎಷ್ಟು ವರ್ಷವಾಯಿತೋ ಅಷ್ಟು ಮಂದಿಗೆ, 2024ರಲ್ಲಿ 69. ಅದು ಬಂದಿದ್ದರೆ ಒಳ್ಳೆಯ ಸುಳಿವು, ಬೆನ್ನಿಗೇ ಪತ್ರಿಕೆಗಳಲ್ಲಿ ಪರಿಚಯ ಲೇಖನ ಬಂದಿರುತ್ತದೆ, ಹುಡುಕಿ. ಯಾರೂ ಕೇಳರಿಯದ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟನ್ನು ಮಾತ್ರ ದಯವಿಟ್ಟು ಮೊದಲ ಸಾಲಿನಲ್ಲಿ ಹಾಕಬೇಡಿ. ಅದನ್ನು ಕಂಡ ಕೂಡಲೇ ನಮಗೆ ಉಳಿದದ್ದರ ಮೇಲೂ ಅನುಮಾನ ಬರುತ್ತದೆ.

ನೋಡುವವರು ತಪ್ಪುವುದೇ ಇಲ್ಲ ಎನ್ನುತ್ತಿಲ್ಲ. 2018ರ ಮೇ ತಿಂಗಳಲ್ಲಿ ಇಂಗ್ಲಿಷ್ ವಿಕಿಪೀಡಿಯದಲ್ಲಿ ಕೆನಡಾದ ಲೇಸರ್ ವಿಜ್ಞಾನಿ ಡೋನಾ ಸ್ಟ್ರಿಕ್‌ಲ್ಯಾಂಡ್ ಬಗೆಗಿನ ಕರಡು ತಿರಸ್ಕೃತವಾಯಿತು, ಆಧಾರಗಳು ಸಾಲವು ಎಂದು. ಅಕ್ಟೋಬರ್ 2ರಂದು ಅವರಿಗೆ ಭೌತವಿಜ್ಞಾನದ ನೊಬೆಲ್ ಘೋಷಣೆಯಾಯಿತು, ಆ ವಿಭಾಗದಲ್ಲಿ ಅದನ್ನು ಪಡೆದ ಮೂರನೇ ಮಹಿಳೆ. ಪುಟ ಹುಟ್ಟಿದ್ದು ಅವತ್ತೇ. ಅಲ್ಲಿ ವಿದ್ವಾಂಸರಿಗೆ ಬೇರೆಯೇ ಅಳತೆಗೋಲು ಇದೆ. ಅವರು 2013ರಲ್ಲೇ ಅಮೆರಿಕದ ಆಪ್ಟಿಕಲ್ ಸೊಸೈಟಿಯ ಅಧ್ಯಕ್ಷರಾಗಿದ್ದವರು, ಆ ಅಳತೆಗೆ ಅಷ್ಟೇ ಸಾಕಿತ್ತು. ಕರಡಿನ ಉಲ್ಲೇಖಗಳು ಸೊರಗಿದ್ದವು, ನೋಡಿದವರು ಅದರಾಚೆ ಕಣ್ಣು ಹಾಯಿಸಲಿಲ್ಲ.

ಯಕ್ಷಗಾನದವರಿಗೆ ಅಂಥ ನೊಬೆಲ್ಲೂ ಇಲ್ಲ. ರಾತ್ರಿಯಿಡೀ ಆಟ ಆಡಿ ಬೆಳಗಾದರೆ ಮುಂದಿನ ಊರಿಗೆ ಹೊರಡುವವರ ಬಗ್ಗೆ ಬರೆದಿಟ್ಟವರು ಎಷ್ಟು ಮಂದಿ? ಸ್ತ್ರೀವೇಷದವರಿಗಂತೂ ‘ಹೆಣ್ಣೇ ನಾಚಬೇಕು’ ಎಂಬ ಒಂದು ಸಾಲಿನ ಹೊಗಳಿಕೆಯಲ್ಲಿ ಎಲ್ಲ ಮುಗಿದುಹೋಗುತ್ತದೆ. ನಿಮ್ಮ ಸಿಟ್ಟು ನ್ಯಾಯವಾದದ್ದೇ, ಅದು ಈ ಕೊರತೆಯ ಮೇಲಿರಲಿ. 2011ರಲ್ಲಿ ಕೇರಳದಲ್ಲೂ ದಕ್ಷಿಣ ಆಫ್ರಿಕದಲ್ಲೂ ಜನರ ಮಾತನ್ನು ಧ್ವನಿಮುದ್ರಿಸಿ ಅದನ್ನೇ ವಿಕಿಪೀಡಿಯದಲ್ಲಿ ಉಲ್ಲೇಖವಾಗಿ ಕೊಡುವ ಪ್ರಯೋಗ ಮಾಡಿದ್ದರು. ನನಗೆ ಬಹಳ ಇಷ್ಟವಾಗಿತ್ತು. ಅದು ನಿಯಮವಾಗಿ ನೆಲೆಗೊಳ್ಳಲಿಲ್ಲ.

ಈಗ ಮಾಡಬಹುದಾದದ್ದು. ಆಧಾರ ಅಂತರ್ಜಾಲದಲ್ಲೇ ಇರಬೇಕೆಂದಿಲ್ಲ. ಪತ್ರಿಕೆಯ ಹೆಸರು, ದಿನಾಂಕ, ಪುಟ ಸಂಖ್ಯೆ, ಲೇಖಕರ ಹೆಸರು ಕೊಟ್ಟರೆ ನಡೆಯುತ್ತದೆ. ಯೂನಿಕೋಡ್ ಬಳಕೆಗೆ ಬರುವ ಮೊದಲು ಅನೇಕ ಕನ್ನಡ ಪತ್ರಿಕೆಗಳ ಜಾಲತಾಣಗಳು ತಮ್ಮದೇ ಫಾಂಟಿನಲ್ಲಿದ್ದವು, ಅವನ್ನು ಗೂಗಲ್ಲಿನಲ್ಲಿ ಹುಡುಕಿ ಸಿಗಲಿಲ್ಲ ಎಂದು ಕೈಚೆಲ್ಲಬೇಡಿ. ಜಿಲ್ಲಾ ಗ್ರಂಥಾಲಯಕ್ಕೆ ಹೋಗಿ, ಯಕ್ಷಗಾನ ಮಾಸಪತ್ರಿಕೆಗಳ ಹಳೆಯ ಸಂಚಿಕೆ ತಿರುವಿ, ಪಿಎಚ್‌ಡಿ ಪ್ರಬಂಧಗಳಿವೆಯೇ ವಿಚಾರಿಸಿ. ಆ ಮದ್ದಲೆಗಾರರ ಪುಟ ಎರಡು ವರ್ಷದ ಮೇಲೆ ಆಯಿತು. ಹಿಮ್ಮೇಳದ ಬಗೆಗಿನ ಒಂದು ಪ್ರಬಂಧದಲ್ಲಿ ಅಜ್ಜನ ಮೇಲೆ ಆರು ಪುಟ ಸಿಕ್ಕಿತು, ಆಮೇಲೆ ಒಂದು ಪುಸ್ತಕದಲ್ಲಿ ಒಂದು ಅಧ್ಯಾಯ. ನೀವೇ ಪುಸ್ತಕ ಅಚ್ಚು ಹಾಕಿಸಿ ಅದನ್ನೇ ಉಲ್ಲೇಖಿಸಲು ಮಾತ್ರ ಹೋಗಬೇಡಿ, ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ಪುಟವೆಂದರೆ ಬಿರುದುಪತ್ರವಲ್ಲ ಎಂಬುದನ್ನು ಮಾವನಿಗೂ ಮೊದಲೇ ಹೇಳಿಡಿ. ಯಾರು ಬೇಕಾದರೂ ತಿದ್ದಬಹುದು, ಆಧಾರವಿದ್ದರೆ ಅಪ್ರಿಯವಾದದ್ದನ್ನೂ ಸೇರಿಸಬಹುದು. ಇಷ್ಟವಾಗಲಿಲ್ಲ ಎಂದು ತೆಗೆಸಲು ಆಗುವುದಿಲ್ಲ.

ಆಧಾರ ಸಿಗುವ ತನಕ ಕಾಯಬೇಕಿಲ್ಲದ ಕೆಲಸವೂ ಇದೆ. ಚೌಕಿಯಲ್ಲಿ (ವೇಷ ಕಟ್ಟುವ ಜಾಗ) ಮಾವ ಬಣ್ಣ ಹಚ್ಚಿಕೊಳ್ಳುವ ಚಿತ್ರಗಳಿದ್ದರೆ, ತೆಗೆದವರ ಒಪ್ಪಿಗೆ ಪಡೆದು ಯಾರು ಬೇಕಾದರೂ ಬಳಸಬಹುದಾದ ಚಿತ್ರಗಳ ಭಂಡಾರವಾದ ವಿಕಿಮೀಡಿಯ ಕಾಮನ್ಸ್‌ಗೆ ಹಾಕಿ. ಸೀರೆ ಉಡುವ ಕ್ರಮ, ಮುಡಿ ಕಟ್ಟುವ ಕ್ರಮ ಹಂತಹಂತವಾಗಿ ತೆಗೆದದ್ದಾದರೆ ಇನ್ನೂ ಒಳ್ಳೆಯದು, ಸ್ತ್ರೀವೇಷದ ಬಗ್ಗೆ ಬರೆಯುವವರಿಗೆಲ್ಲ ಬೇಕಾಗುತ್ತದೆ. ಪುಟವನ್ನು ಮತ್ತೆ ಬರೆಯುವುದಾದರೆ ಕರಡಿಗೆಂದೇ ಇರುವ ನಿಮ್ಮ ಪ್ರಯೋಗಪುಟದಲ್ಲಿ ಬರೆದಿಟ್ಟು, ‘ಇವರು ನನ್ನ ಸೋದರಮಾವ’ ಎಂದು ಮುಚ್ಚಿಡದೆ ಹೇಳಿ, ಆಧಾರಗಳ ಪಟ್ಟಿಯನ್ನು ಅರಳಿ ಕಟ್ಟೆಯಲ್ಲಿ ಹಾಕಿ. ಅದು ಅಲ್ಲಿನ ಸಾರ್ವಜನಿಕ ಚರ್ಚೆಯ ಜಾಗ, ದಿನಾ ಒಮ್ಮೆ ಇಣುಕುತ್ತೇನೆ. ತುಣುಕುಗಳ ಫೋಟೋ ತೆಗೆಯುವಾಗ ಪತ್ರಿಕೆಯ ಹೆಸರು, ದಿನಾಂಕ ಇರುವ ಮೇಲಂಚು ಕತ್ತರಿಸಿಹೋಗದಂತೆ ನೋಡಿಕೊಳ್ಳಿ.