ಆಲ್ ವೀಲ್ ಡ್ರೈವ್, ಟ್ರ್ಯಾಕ್ಷನ್ ಕಂಟ್ರೋಲ್ ಎರಡೂ ಇರುವ ಸ್ಪೋರ್ಟ್ಸ್ ಕಾರು ಚಾರ್ಮಾಡಿ ಘಾಟಿಯ ಮಳೆಯಲ್ಲಿ ಜಾರುತ್ತದಾ?

ಖಂಡಿತ ಜಾರುತ್ತದೆ. ಆಲ್ ವೀಲ್ ಡ್ರೈವ್‌ನಲ್ಲಿ ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ ಸಿಗುವುದರಿಂದ ಕಾರು ಚೆನ್ನಾಗಿ ಮುನ್ನುಗ್ಗುತ್ತದೆ. ಆದರೆ ಬ್ರೇಕ್ ಹಾಕಿದಾಗ ಕಾರನ್ನು ಹಿಡಿದು ನಿಲ್ಲಿಸುವುದು ಟೈರೇ.

ಒಂದು ಟೈರು ರಸ್ತೆಯನ್ನು ಮುಟ್ಟುವ ಜಾಗ ಹೆಚ್ಚುಕಡಿಮೆ ನಿಮ್ಮ ಅಂಗೈಯಷ್ಟು. ತಳ್ಳುವುದು, ನಿಲ್ಲಿಸುವುದು, ತಿರುಗಿಸುವುದು ಮೂರೂ ಅಷ್ಟರಲ್ಲೇ ಆಗಬೇಕು. ಒಂದಕ್ಕೆ ಜಾಸ್ತಿ ಕೊಟ್ಟರೆ ಇನ್ನೊಂದಕ್ಕೆ ಉಳಿಯುವುದಿಲ್ಲ. ಹಿಂದಿನ ಎರಡೇ ಚಕ್ರ ತಳ್ಳುವ ಕಾರಿನಲ್ಲಿ ತಿರುವಿನಲ್ಲಿ ಜೋರಾಗಿ ಆಕ್ಸಿಲರೇಟರ್ ಒತ್ತಿದರೆ ಅವುಗಳ ಹಿಡಿತ ಮುಗಿದು ಹಿಂಭಾಗ ಹೊರಕ್ಕೆ ಜಾರುತ್ತದೆ. ತಳ್ಳುವ ಕೆಲಸವನ್ನು ನಾಲ್ಕಕ್ಕೆ ಹಂಚಿದರೆ ಒಂದೊಂದಕ್ಕೂ ಹಗುರ. 1980ರಲ್ಲಿ ಬಂದ ಆಡಿ ಕ್ವಾಟ್ರೊ ಕಾರು ಮಣ್ಣು, ಹಿಮದ ರ‍್ಯಾಲಿಗಳಲ್ಲಿ ಮಿಂಚಿದ್ದು ಈ ಬಲದಿಂದಲೇ.

ಟ್ರ್ಯಾಕ್ಷನ್ ಕಂಟ್ರೋಲ್ ಕೆಲಸವೇ ಬೇರೆ. ಒಂದು ಚಕ್ರ ಹಿಡಿತ ತಪ್ಪಿ ಸುಮ್ನೆ ಸುತ್ತತೊಡಗಿದರೆ ಸೆನ್ಸರ್‌ಗೆ ಗೊತ್ತಾಗುತ್ತದೆ. ತಕ್ಷಣ ಎಂಜಿನ್ ಶಕ್ತಿ ತಗ್ಗುತ್ತದೆ, ಇಲ್ಲವೇ ಆ ಚಕ್ರಕ್ಕಷ್ಟೇ ಬ್ರೇಕ್ ಬೀಳುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಮಿಣುಕುವುದು ಆಗಲೇ. ಇರುವ ಹಿಡಿತವನ್ನು ಅದು ಜೋಪಾನ ಮಾಡುತ್ತದೆ, ಹೊಸದಾಗಿ ಹುಟ್ಟಿಸಲಾರದು.

ಕೊಟ್ಟಿಗೆಹಾರ ದಾಟಿ ಘಾಟಿ ಇಳಿಯುವಾಗ ನೀವು ಆಕ್ಸಿಲರೇಟರ್ ಒತ್ತುವುದೇ ಅಪರೂಪ, ಅಲ್ವಾ? ಅಲ್ಲಿ ಆಲ್ ವೀಲ್ ಡ್ರೈವ್‌ಗೆ ಹೆಚ್ಚು ಕೆಲಸವಿಲ್ಲ. ಒದ್ದೆ ತಿರುವಿಗೆ ಮೊದಲೇ, ಸ್ಟೀರಿಂಗ್ ನೆಟ್ಟಗಿರುವಾಗಲೇ ವೇಗ ಇಳಿಸಿ. ಟೈರು ಸವೆದಿದ್ದರೆ ದಯವಿಟ್ಟು ಮಳೆಗಾಲಕ್ಕೆ ಮುಂಚೆ ಬದಲಿಸಿ.