ಮಳೆ ಲೆಕ್ಕದ ಸ್ಕ್ರಿಪ್ಟ್ ಕೈಯಲ್ಲಿ ಓಡುತ್ತದೆ, ಬ್ರೌಸರ್‌ನಲ್ಲಿ 403 ಇಲ್ಲವೇ 500. ಫೈಲಿಗೆ 777 ಕೊಟ್ಟರೂ ಆಗುತ್ತಿಲ್ಲ, ಯಾಕೆ?

ನಿಮ್ಮ ಪ್ರಶ್ನೆಯಿಂದ ನನಗೆ ಅರ್ಥವಾದದ್ದು ಇಷ್ಟು. ನಾಪೋಕ್ಲು, ಭಾಗಮಂಡಲ ಕಡೆಯ ಕೆಲವು ತೋಟದವರು ಬೆಳಿಗ್ಗೆ ಮಳೆ ಮಾಪಕ ನೋಡಿ ಇಂಚು–ಸೆಂಟಿನ ಲೆಕ್ಕವನ್ನು (ನೂರು ಸೆಂಟ್ ಅಂದರೆ ಒಂದು ಇಂಚು) ಒಂದು ವೆಬ್ ಫಾರ್ಮ್‌ನಲ್ಲಿ ತುಂಬುತ್ತಾರೆ. ಪೈಥಾನ್ ಸಿಜಿಐ ಸ್ಕ್ರಿಪ್ಟ್ (ವೆಬ್ ಸರ್ವರ್ ಓಡಿಸುವ ಪ್ರೋಗ್ರಾಂ) ಅದನ್ನು ಎಸ್‌ಕ್ಯೂಲೈಟ್ ಡೇಟಾಬೇಸ್ (ಡಿಬಿ) ಫೈಲಿಗೆ ಬರೆಯಬೇಕು. ಬಾಡಿಗೆ ವಿಪಿಎಸ್ (ವರ್ಚುವಲ್ ಸರ್ವರ್), ಉಬುಂಟು 22.04, ಅಪಾಚೆ ವೆಬ್ ಸರ್ವರ್. ಸ್ಕ್ರಿಪ್ಟ್ ನಿಮ್ಮ ಹೋಮ್ ಫೋಲ್ಡರ್‌ನಲ್ಲಿದ್ದಾಗ 403 (ಪ್ರವೇಶ ಇಲ್ಲ) ಬಂತು. ಅದನ್ನೂ ಡಿಬಿ ಫೈಲನ್ನೂ /ಯುಎಸ್‌ಆರ್/ಲಿಬ್/ಸಿಜಿಐ-ಬಿನ್ ಒಳಗೆ ಕಾಪಿ ಮಾಡಿದ ಮೇಲೆ 500 (ಸರ್ವರ್ ಒಳಗಿನ ತಪ್ಪು) ಬರುತ್ತಿದೆ. ಸ್ಕ್ರಿಪ್ಟಿಗೂ ಡಿಬಿ ಫೈಲಿಗೂ 777, ಅಂದರೆ ಮಾಲೀಕ, ಗುಂಪು, ಹೊರಗಿನವರು ಮೂವರಿಗೂ ಓದುವ, ಬರೆಯುವ, ಓಡಿಸುವ ಅನುಮತಿ, ಕೊಟ್ಟಾಗಿದೆ. ಈಗ ಇಡೀ ಹೋಮ್ ಫೋಲ್ಡರ್‌ಗೇ ಚ್‌ಮಾಡ್ -ಆರ್ 777 (ಒಳಗಿನ ಎಲ್ಲದರ ಅನುಮತಿಯನ್ನೂ ಬದಲಿಸುವ ಕಮಾಂಡ್) ಕೊಡಲೇ ಅಂತ ಕೇಳಿದ್ದೀರಿ.

ಕೊಡಬೇಡಿ. ಕೊಟ್ಟರೆ ಸ್ಕ್ರಿಪ್ಟ್ ಸರಿಯಾಗುವುದಿಲ್ಲ, ಅದರ ಜೊತೆಗೆ ನೀವೇ ಸರ್ವರ್‌ನಿಂದ ಹೊರಗೆ ಬೀಳುತ್ತೀರಿ. ಹೋಮ್ ಫೋಲ್ಡರ್, ಅದರೊಳಗಿನ .ಎಸ್‌ಎಸ್‌ಎಚ್ ಫೋಲ್ಡರ್, ಆಥರೈಸ್ಡ್ ಕೀಸ್ ಫೈಲ್, ಈ ಮೂರರಲ್ಲಿ ಯಾವುದನ್ನಾದರೂ ಬೇರೆಯವರು ತಿದ್ದಬಹುದು ಅಂತ ಕಂಡರೆ ದೂರದಿಂದ ಲಾಗಿನ್ ಮಾಡಿಸುವ ಎಸ್‌ಎಸ್‌ಎಚ್ ಸರ್ವರ್ ನಿಮ್ಮ ಕೀಲಿಯನ್ನು ನಂಬುವುದಿಲ್ಲ. ಅದರ ಸ್ಟ್ರಿಕ್ಟ್‌ಮೋಡ್ಸ್ ಸೆಟ್ಟಿಂಗ್ ಹುಟ್ಟಾ ಆನ್ ಇರುತ್ತದೆ. ಈಗ ತೆರೆದಿರುವ ಕಿಟಕಿ ನಡೆಯುತ್ತಲೇ ಇರುತ್ತದೆ, ಹಾಗಾಗಿ ಏನೂ ಆಗಿಲ್ಲ ಅನಿಸುತ್ತದೆ. ಕಕ್ಕಡ ತಿಂಗಳ ಮಳೆಗೆ ಕರೆಂಟ್ ಹೋಗಿ, ಹಿಂದೆಯೇ ನೆಟ್ ಹೋಗಿ, ಮತ್ತೆ ಲಾಗಿನ್ ಆಗಲು ನೋಡಿದಾಗ ಗೊತ್ತಾಗುತ್ತದೆ. ಈ ಉತ್ತರ ಓದುವ ಮೊದಲೇ ಕೊಟ್ಟುಬಿಟ್ಟಿದ್ದರೆ ಆ ಕಿಟಕಿ ಮುಚ್ಚದೆ ಇವನ್ನು ಓಡಿಸಿ. (ಕಮಾಂಡ್‌ಗಳನ್ನು ಉಚ್ಚಾರದಂತೆ ಕನ್ನಡದಲ್ಲಿ ಬರೆದಿದ್ದೇನೆ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಬೇಕು. ನಿಮ್ಮ ಯೂಸರ್ ಹೆಸರು ‘ಮಳೆ’ ಅಂತ ಇಟ್ಟುಕೊಂಡಿದ್ದೇನೆ.)

ಫೈಂಡ್ /ಹೋಮ್/ಮಳೆ -ಟೈಪ್ ಡಿ -ಎಕ್ಸೆಕ್ ಚ್‌ಮಾಡ್ 755 {} +
ಫೈಂಡ್ /ಹೋಮ್/ಮಳೆ -ಟೈಪ್ ಎಫ್ -ಎಕ್ಸೆಕ್ ಚ್‌ಮಾಡ್ 644 {} +
ಚ್‌ಮಾಡ್ 750 /ಹೋಮ್/ಮಳೆ
ಚ್‌ಮಾಡ್ 700 /ಹೋಮ್/ಮಳೆ/.ಎಸ್‌ಎಸ್‌ಎಚ್
ಚ್‌ಮಾಡ್ 600 /ಹೋಮ್/ಮಳೆ/.ಎಸ್‌ಎಸ್‌ಎಚ್/*

ಎರಡನೇ ಸಾಲು ಎಲ್ಲ ಫೈಲ್‌ಗಳ ಎಕ್ಸಿಕ್ಯೂಟ್ ಬಿಟ್ಟನ್ನೂ (ಎಕ್ಸ್, ಓಡಿಸುವ ಅನುಮತಿ) ತೆಗೆದುಬಿಡುತ್ತದೆ. ನೀವು ಬರೆದ ಶೆಲ್ ಸ್ಕ್ರಿಪ್ಟ್‌ಗಳಿಗೂ, ಪೈಥಾನ್ ವೆನ್ವ್ ಇದ್ದರೆ ಅದರ ಬಿನ್ ಒಳಗಿನವಕ್ಕೂ ಮತ್ತೆ 755 ಕೊಡಬೇಕು. ಚ್‌ಮಾಡ್‌ಗೆ ದೊಡ್ಡಕ್ಷರದ ಎಕ್ಸ್ ಕೊಟ್ಟು ಒಂದೇ ಸಾಲಿನಲ್ಲಿ ಸರಿ ಮಾಡುವ ಸಲಹೆ ಎಲ್ಲ ಕಡೆ ಸಿಗುತ್ತದೆ. 777 ಆದ ಮೇಲೆ ಅದು ಕೆಲಸಕ್ಕೆ ಬರುವುದಿಲ್ಲ. ದೊಡ್ಡ ಎಕ್ಸ್ ಈಗಾಗಲೇ ಎಕ್ಸಿಕ್ಯೂಟ್ ಇರುವ ಫೈಲ್‌ಗಳಿಗೆ ಅದನ್ನು ಹಾಗೇ ಉಳಿಸುತ್ತದೆ, ನಿಮ್ಮಲ್ಲಿ ಆಗ ಎಲ್ಲಕ್ಕೂ ಇರುತ್ತದೆ.

ಈಗ ಮುಖ್ಯ ವಿಷಯ. ಎಷ್ಟು ನಂಬರ್ ಕೊಡಬೇಕು ಅಂತ ಯೋಚಿಸುವ ಮೊದಲು, ಸ್ಕ್ರಿಪ್ಟನ್ನು ಓಡಿಸುತ್ತಿರುವುದು ಯಾರು ಅಂತ ನೋಡಬೇಕು. ಕೈಯಲ್ಲಿ ಓಡಿಸುವಾಗ ಅದು ನೀವು. ಬ್ರೌಸರ್‌ನಿಂದ ಬಂದಾಗ ಉಬುಂಟುವಿನಲ್ಲಿ ಅದು ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ ಎಂಬ ಬೇರೆ ಖಾತೆ. ನೀವು ತೋಟದ ಯಜಮಾನರು, ಅದು ನಿನ್ನೆ ಬಂದ ರೈಟರ್ (ತೋಟದ ಗುಮಾಸ್ತ). ನಿಮಗೆ ತೆರೆಯುವ ಬಾಗಿಲೆಲ್ಲ ಅವನಿಗೂ ತೆರೆಯುತ್ತದೆ ಅಂದುಕೊಂಡರೆ ಹೀಗೇ ಆಗುವುದು.

403 ಬಂದದ್ದು ಗೇಟಿನಲ್ಲಿ. ಫೋಲ್ಡರ್‌ಗೆ ಎಕ್ಸ್ ಅಂದರೆ ಓಡಿಸುವ ಅನುಮತಿ ಅಲ್ಲ, ಅದನ್ನು ದಾಟಿ ಒಳಗೆ ಹೋಗುವ ಅನುಮತಿ. ಗೋಡೌನ್ ಬಾಗಿಲನ್ನು 777 ಅಂತ ಹಾರು ಹೊಡೆದು ಇಟ್ಟರೂ ತೋಟದ ಗೇಟಿಗೆ ಬೀಗ ಇದ್ದರೆ ರೈಟರ್ ರಸ್ತೆಯಲ್ಲೇ ನಿಲ್ಲುತ್ತಾನೆ. ಉಬುಂಟು 21.04ರಿಂದ ಹೊಸ ಹೋಮ್ ಫೋಲ್ಡರ್‌ಗಳು 750 ಆಗಿಯೇ ಹುಟ್ಟುತ್ತವೆ, ಹೊರಗಿನವರಿಗೆ ಸೊನ್ನೆ. ಹಳೆಯ ಟ್ಯುಟೋರಿಯಲ್‌ಗಳು 755 ಕಾಲದವು, ಅದಕ್ಕೇ ಅವು ಹೇಳಿದಂತೆ ಮಾಡಿದರೂ ಆಗುವುದಿಲ್ಲ. ನೋಡಲು:

ನೇಮ್‌ಐ -ಎಲ್ /ಹೋಮ್/ಮಳೆ/ಸಿಜಿಐ/ಮಳೆ.ಪಿವೈ

ಇದು ಮೂಲದಿಂದ ಹಿಡಿದು ಫೈಲಿನವರೆಗೆ ದಾರಿಯ ಪ್ರತಿ ಮೆಟ್ಟಿಲಿನ ಪರ್ಮಿಷನ್, ಮಾಲೀಕ, ಗುಂಪು ಮೂರನ್ನೂ ಸಾಲಾಗಿ ತೋರಿಸುತ್ತದೆ. ಮಾಲೀಕನೂ ಗುಂಪೂ ರೂಟ್ ಅಥವಾ ನೀವೇ ಆಗಿದ್ದು, ಕೊನೆಯ ಮೂರು ಅಕ್ಷರದ ಜಾಗದಲ್ಲಿ ಮೂರು ಗೀಟು ಕಂಡ ಸಾಲೇ ಬೀಗ ಹಾಕಿದ ಗೇಟು. ಎಲ್‌ಎಸ್ -ಎಲ್ ಕೊನೆಯ ಫೈಲನ್ನಷ್ಟೇ ತೋರಿಸುವುದರಿಂದ ಜನ ಅದನ್ನೇ ನೋಡಿ ನೋಡಿ ತಲೆ ಕೆಡಿಸಿಕೊಳ್ಳುತ್ತಾರೆ.

ಗೇಟನ್ನು 751 ಮಾಡಿ ತೆರೆಯಬಹುದು. ನನ್ನ ಮಾತು ಕೇಳುವುದಾದರೆ ಬೇಡ. ವೆಬ್‌ಗೆ ಬೇಕಾದದ್ದು ಹೋಮ್‌ನಲ್ಲಿ ಇರಲೇಬಾರದು. ಸ್ಕ್ರಿಪ್ಟ್ ಸಿಜಿಐ-ಬಿನ್ ಒಳಗೇ ಇರಲಿ, ಹೋಮ್ 750 ಆಗಿಯೇ ಇರಲಿ.

ಹಾಗಾದರೆ ಉಳಿದದ್ದು 500. ಇದರ ಬಗ್ಗೆ ಊಹೆ ಮಾಡುತ್ತಾ ಕೂರಬೇಡಿ, ಎರಡನೇ ಕಿಟಕಿಯಲ್ಲಿ ಲಾಗ್ ತೆರೆದಿಟ್ಟು ಬ್ರೌಸರ್‌ನಲ್ಲಿ ಒಮ್ಮೆ ಫಾರ್ಮ್ ಕಳಿಸಿ:

ಸುಡು ಟೈಲ್ -ಎಫ್ /ವರ್/ಲಾಗ್/ಅಪಾಚೆ2/ಎರರ್.ಲಾಗ್

ಕೊನೆಗೆ ‘ಎಂಡ್ ಆಫ್ ಸ್ಕ್ರಿಪ್ಟ್ ಔಟ್‌ಪುಟ್ ಬಿಫೋರ್ ಹೆಡರ್ಸ್’ ಅಂತ ಬರುತ್ತದೆ. ಎಲ್ಲರೂ ಅದನ್ನೇ ಗೂಗಲ್ ಮಾಡುತ್ತಾರೆ. ಅದರಲ್ಲಿ ಮಾಹಿತಿಯೇ ಇಲ್ಲ, ಸ್ಕ್ರಿಪ್ಟ್ ಬಾಯಿ ಬಿಡುವ ಮೊದಲೇ ಸತ್ತಿತು ಅಂತ ಅಷ್ಟೇ. ಕಾರಣ ಅದರ ಮೇಲಿನ ಸಾಲುಗಳಲ್ಲಿ ಇರುತ್ತದೆ.

ಅಲ್ಲಿ ‘ಪರ್ಮಿಷನ್ ಡಿನೈಡ್, ಎಕ್ಸೆಕ್ ಆಫ್ … ಫೇಲ್ಡ್’ ಅಂತಿದ್ದರೆ ಸ್ಕ್ರಿಪ್ಟಿಗೆ ಎಕ್ಸಿಕ್ಯೂಟ್ ಬಿಟ್ ಇಲ್ಲ. ನೀವು 777 ಕೊಟ್ಟಿರುವುದರಿಂದ ಇದು ಬರಲಾರದು.

‘ನೋ ಸಚ್ ಫೈಲ್ ಆರ್ ಡೈರೆಕ್ಟರಿ’ ಅಂತಿದ್ದರೆ, ಫೈಲ್ ಕಣ್ಣೆದುರೇ ಇದ್ದರೂ ಅಪಾಚೆ ಇಲ್ಲ ಅನ್ನುತ್ತಿದ್ದರೆ, ಅದು ವಿಂಡೋಸ್ ಸಾಲು-ಕೊನೆ. ನೋಟ್‌ಪ್ಯಾಡ್‌ನಲ್ಲಿ ಬರೆದು ಫೈಲ್‌ಜಿಲ್ಲಾದಲ್ಲಿ ಹಾಕಿದೆ ಅಂತ ನೀವೇ ಬರೆದಿದ್ದೀರಿ, ಹಾಗಾಗಿ ನನಗೆ ಮೊದಲ ಅನುಮಾನ ಇದರ ಮೇಲೆ. ವಿಂಡೋಸ್‌ನಲ್ಲಿ ಪ್ರತಿ ಸಾಲಿನ ಕೊನೆಗೆ ಕಣ್ಣಿಗೆ ಕಾಣದ ಒಂದು ಅಕ್ಷರ ಹೆಚ್ಚಿಗೆ ಸೇರುತ್ತದೆ. ಮೊದಲ ಸಾಲಿನಲ್ಲಿ ಪೈಥಾನ್3 ಇರುವ ದಾರಿ ಬರೆದಿದ್ದೀರಲ್ಲ, ಕರ್ನಲ್ ಅದರ ಬಾಲಕ್ಕೆ ಅಂಟಿದ ಆ ಅಕ್ಷರವನ್ನೂ ಹೆಸರಿನ ಭಾಗ ಅಂತಲೇ ಓದುತ್ತದೆ. ಅಂಥ ಹೆಸರಿನ ಪ್ರೋಗ್ರಾಂ ನಿಜಕ್ಕೂ ಇಲ್ಲ. ಇಲ್ಲ ಅಂತ ಹೇಳುತ್ತಿರುವುದು ನಿಮ್ಮ ಸ್ಕ್ರಿಪ್ಟಿನ ಬಗ್ಗೆ ಅಲ್ಲ, ಪೈಥಾನ್ ಬಗ್ಗೆ.

‘ಕೈಯಲ್ಲಿ ಓಡುತ್ತದಲ್ಲ’ ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. ಕೈಯಲ್ಲಿ ನೀವು ‘ಪೈಥಾನ್3 ಮಳೆ.ಪಿವೈ’ ಅಂತ ಓಡಿಸುತ್ತೀರಿ. ಆಗ ಎಕ್ಸಿಕ್ಯೂಟ್ ಬಿಟ್ ಬೇಕಿಲ್ಲ, ಮೊದಲ ಸಾಲನ್ನು ಯಾರೂ ಕೇಳುವುದಿಲ್ಲ, ಆ ಹೆಚ್ಚಿನ ಅಕ್ಷರ ಪೈಥಾನ್‌ಗೆ ತೊಂದರೆಯೂ ಅಲ್ಲ. ಅಪಾಚೆ ಮಾತ್ರ ಫೈಲನ್ನೇ ನೇರವಾಗಿ ಓಡಿಸುತ್ತದೆ. ನೋಡುವುದು, ಸರಿಪಡಿಸುವುದು ಹೀಗೆ:

ಹೆಡ್ -1 ಮಳೆ.ಪಿವೈ | ಕ್ಯಾಟ್ -ಎ
ಸುಡು ಡಾಸ್2ಯುನಿಕ್ಸ್ ಮಳೆ.ಪಿವೈ

ಕ್ಯಾಟ್‌ನ ಎ ದೊಡ್ಡಕ್ಷರ. ಸಾಲಿನ ಕೊನೆಗೆ ಬರೀ ಡಾಲರ್ ಚಿಹ್ನೆ ಇದ್ದರೆ ಸರಿ, ಅದಕ್ಕೆ ಮುಂಚೆ ಟೋಪಿ ಚಿಹ್ನೆ ಮತ್ತು ಎಂ ಇದ್ದರೆ ಇದೇ ರೋಗ. ಡಾಸ್2ಯುನಿಕ್ಸ್ ಇಲ್ಲದಿದ್ದರೆ ಆಪ್ಟ್‌ನಿಂದ ಹಾಕಿಕೊಳ್ಳಿ. ಮುಂದೆ ನೋಟ್‌ಪ್ಯಾಡ್ ಬಿಟ್ಟು ಸಾಲು-ಕೊನೆ ಆರಿಸಲು ಬರುವ ಎಡಿಟರ್ ಬಳಸಿ, ಇಲ್ಲದಿದ್ದರೆ ಪ್ರತಿ ಅಪ್‌ಲೋಡ್‌ಗೂ ಇದೇ ಪಾಡು.

ಇಷ್ಟು ಸರಿಯಾದ ಮೇಲೆ ಇನ್ನೊಂದು 500 ಕಾದಿರುತ್ತದೆ. ಲಾಗ್‌ನಲ್ಲಿ ಪೈಥಾನ್ ಟ್ರೇಸ್‌ಬ್ಯಾಕ್, ಕೆಳಗೆ ‘ಅಟೆಂಪ್ಟ್ ಟು ರೈಟ್ ಎ ರೀಡ್‌ಓನ್ಲಿ ಡೇಟಾಬೇಸ್’ ಅಥವಾ ‘ಅನೇಬಲ್ ಟು ಓಪನ್ ಡೇಟಾಬೇಸ್ ಫೈಲ್’. ಡಿಬಿಗೆ 777 ಕೊಟ್ಟಿದ್ದೇನಲ್ಲ ಅನ್ನುತ್ತೀರಿ. ಫೈಲಿಗೆ ಕೊಟ್ಟಿದ್ದೀರಿ, ಅದು ಇರುವ ಫೋಲ್ಡರ್‌ಗೆ ಕೊಟ್ಟಿಲ್ಲ. ಎಸ್‌ಕ್ಯೂಲೈಟ್ ಬರೆಯುವ ಮೊದಲು ಡಿಬಿಯ ಪಕ್ಕದಲ್ಲೇ, ಹೆಸರಿನ ಕೊನೆಗೆ -ಜರ್ನಲ್ ಅಂತ ಇರುವ ಇನ್ನೊಂದು ಫೈಲ್ ಹುಟ್ಟಿಸುತ್ತದೆ. ನಡುವೆ ಕರೆಂಟ್ ಹೋದರೂ ಲೆಕ್ಕ ಕೆಡದೆ ಇರಲು ಆ ವ್ಯವಸ್ಥೆ. ಹೊಸ ಫೈಲ್ ಹುಟ್ಟಿಸಲೂ ಅಳಿಸಲೂ ಬೇಕಾದದ್ದು ಫೋಲ್ಡರ್‌ನ ರೈಟ್ ಅನುಮತಿ. ಚೆಕ್‌ರೋಲ್ (ಕೂಲಿಯವರ ಹಾಜರಿ) ಪುಸ್ತಕದಲ್ಲಿ ಬರೆಯಲು ಬಿಟ್ಟು, ಅದನ್ನಿಡುವ ಕಪಾಟಿಗೆ ಕೈ ಹಾಕಬೇಡ ಅಂದ ಹಾಗಾಗಿದೆ. ಸಿಜಿಐ-ಬಿನ್ ರೂಟ್‌ನದ್ದು, 755. ಅಲ್ಲಿ ಅಪಾಚೆಯ ಖಾತೆ ಏನೂ ಹುಟ್ಟಿಸಲಾರದು, ಹುಟ್ಟಿಸಲು ಬಿಡಲೂ ಬಾರದು. ಸ್ಕ್ರಿಪ್ಟ್ ಓಡುವ ಫೋಲ್ಡರ್‌ನಲ್ಲೇ ಬರೆಯಲು ಬಿಟ್ಟರೆ, ಫಾರ್ಮ್‌ನಲ್ಲಿ ಒಂದು ತೂತು ಸಿಕ್ಕವರು ತಮ್ಮದೇ ಸ್ಕ್ರಿಪ್ಟ್ ಇಟ್ಟು ಓಡಿಸಿಕೊಳ್ಳುತ್ತಾರೆ.

ಲೆಕ್ಕಕ್ಕೆ ಬೇರೆಯೇ ಜಾಗ ಮಾಡಿ:

ಸುಡು ಇನ್‌ಸ್ಟಾಲ್ -ಡಿ -ಓ ಮಳೆ -ಜಿ ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ -ಎಂ 2770 /ವರ್/ಲಿಬ್/ಮಳೆ
ಸುಡು ಎಂವಿ /ಯುಎಸ್‌ಆರ್/ಲಿಬ್/ಸಿಜಿಐ-ಬಿನ್/ಮಳೆ.ಡಿಬಿ /ವರ್/ಲಿಬ್/ಮಳೆ/
ಸುಡು ಚೌನ್ ಮಳೆ:ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ /ವರ್/ಲಿಬ್/ಮಳೆ/ಮಳೆ.ಡಿಬಿ
ಸುಡು ಚ್‌ಮಾಡ್ 660 /ವರ್/ಲಿಬ್/ಮಳೆ/ಮಳೆ.ಡಿಬಿ
ಸುಡು ಚೌನ್ ರೂಟ್:ರೂಟ್ /ಯುಎಸ್‌ಆರ್/ಲಿಬ್/ಸಿಜಿಐ-ಬಿನ್/ಮಳೆ.ಪಿವೈ
ಸುಡು ಚ್‌ಮಾಡ್ 755 /ಯುಎಸ್‌ಆರ್/ಲಿಬ್/ಸಿಜಿಐ-ಬಿನ್/ಮಳೆ.ಪಿವೈ

2770ರ ಮುಂದಿನ 2 ಇದ್ದರೆ ಆ ಫೋಲ್ಡರ್‌ನಲ್ಲಿ ಹುಟ್ಟುವ ಫೈಲ್‌ಗಳೆಲ್ಲ ಫೋಲ್ಡರ್‌ನ ಗುಂಪನ್ನೇ ಪಡೆಯುತ್ತವೆ, ನೀವು ಹುಟ್ಟಿಸಿದರೂ ಅಪಾಚೆ ಹುಟ್ಟಿಸಿದರೂ. ನೀವೂ ಬರೆಯಬಹುದು, ಅಪಾಚೆಯೂ ಬರೆಯಬಹುದು, ಬೇರೆಯವರಿಗೆ ಬಾಗಿಲೇ ಇಲ್ಲ. ಈ ಜಾಗ ವೆಬ್‌ನ ಹೊರಗಿರುವುದರಿಂದ ಡಿಬಿಯನ್ನು ವಿಳಾಸ ಊಹಿಸಿ ಡೌನ್‌ಲೋಡ್ ಮಾಡಲೂ ಆಗದು.

ಸ್ಕ್ರಿಪ್ಟ್ ಒಳಗೆ ಡಿಬಿಯ ಪೂರ್ತಿ ದಾರಿ ಬರೆಯಿರಿ. ಬರೀ ‘ಮಳೆ.ಡಿಬಿ’ ಅಂತ ಬಿಟ್ಟರೆ ಕೈಯಲ್ಲಿ ಓಡಿಸುವಾಗ ನೀವು ನಿಂತ ಫೋಲ್ಡರ್‌ನಲ್ಲಿ, ಅಪಾಚೆಯಲ್ಲಿ ಸ್ಕ್ರಿಪ್ಟ್ ಇರುವ ಫೋಲ್ಡರ್‌ನಲ್ಲಿ ಹುಡುಕುತ್ತದೆ. ಎರಡು ಕಡೆ ಎರಡು ಡಿಬಿ ಆಗಿ, ನಿನ್ನೆಯ ಮಳೆ ಎಲ್ಲಿ ಹೋಯಿತು ಅಂತ ಹುಡುಕಬೇಕಾಗುತ್ತದೆ.

ಪರೀಕ್ಷೆಯನ್ನು ಅಪಾಚೆಯ ವೇಷ ಹಾಕಿಯೇ ಮಾಡಿ:

ಸುಡು -ಯು ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ ಎನ್ವ್ ರಿಕ್ವೆಸ್ಟ್_ಮೆಥಡ್=ಗೆಟ್ ಕ್ವೆರಿ_ಸ್ಟ್ರಿಂಗ್='ಇಂಚು=2&ಸೆಂಟ್=40' /ಯುಎಸ್‌ಆರ್/ಲಿಬ್/ಸಿಜಿಐ-ಬಿನ್/ಮಳೆ.ಪಿವೈ

ರಿಕ್ವೆಸ್ಟ್ ಮೆಥಡ್, ಗೆಟ್, ಕ್ವೆರಿ ಸ್ಟ್ರಿಂಗ್ ಮೂರೂ ದೊಡ್ಡಕ್ಷರದಲ್ಲಿ. ಮುಂದೆ ‘ಪೈಥಾನ್3’ ಸೇರಿಸಬೇಡಿ, ಸೇರಿಸಿದರೆ ಪರೀಕ್ಷೆಯೇ ಸುಳ್ಳಾಗುತ್ತದೆ. ಬ್ರೌಸರ್‌ನಲ್ಲಿ ಬರುವ ತಪ್ಪು ಇಲ್ಲಿ ಪರದೆಯ ಮೇಲೇ ಕಾಣುತ್ತದೆ. ಬರೀ ಸುಡು ಹಾಕಿ ಮಾತ್ರ ಓಡಿಸಬೇಡಿ, ಅದು ಹೆಸರಿಗೆ ತಕ್ಕಂತೆ ಕೈ ಸುಡುತ್ತದೆ. ಡಿಬಿ ಇಲ್ಲದಿದ್ದರೆ ರೂಟ್ ಹೆಸರಿನಲ್ಲಿ ಹುಟ್ಟಿಬಿಡುತ್ತದೆ, ಆಮೇಲೆ ನಿಮಗೂ ಇಲ್ಲ, ಅಪಾಚೆಗೂ ಇಲ್ಲ. ರೂಟ್‌ನ ನಿಗದಿತ ಹೊತ್ತಿಗೆ ಓಡಿಸುವ ಕ್ರಾನ್‌ನಲ್ಲಿ ಇದೇ ಸ್ಕ್ರಿಪ್ಟ್ ಹಾಕಿದರೂ ಅದೇ ಕಥೆ.

ಮಳೆಯದೇ ಒಂದು ಮಾತು, ಪರ್ಮಿಷನ್‌ಗೆ ಸಂಬಂಧ ಇಲ್ಲ. ಫಾರ್ಮ್‌ನಲ್ಲಿ ಇಂಚು, ಸೆಂಟ್ ಎರಡು ಬೇರೆ ಪೆಟ್ಟಿಗೆ ಇಡಿ, ಡಿಬಿಯಲ್ಲಿ ಒಟ್ಟು ಸೆಂಟನ್ನು ಪೂರ್ಣ ಸಂಖ್ಯೆಯಾಗಿ ಇಡಿ. ಒಂದೇ ಪೆಟ್ಟಿಗೆ ಇದ್ದರೆ 2 ಇಂಚು 4 ಸೆಂಟನ್ನು ಜನ 2.4 ಅಂತ ತುಂಬುತ್ತಾರೆ, ಅದು 2 ಇಂಚು 40 ಸೆಂಟ್ ಆಗುತ್ತದೆ. ಕಾಫಿ ಹೂ ಅರಳಿಸುವ ಹೂಮಳೆಯ ಲೆಕ್ಕದಲ್ಲಿ 36 ಸೆಂಟ್ ಸಣ್ಣ ವ್ಯತ್ಯಾಸ ಅಲ್ಲ. ಮಿಲಿಮೀಟರ್ ಬೇಕಾದವರಿಗೆ 0.254ರಿಂದ ಗುಣಿಸಿ ತೋರಿಸಿದರಾಯಿತು.

ಇನ್ನು ಕೆಲವು ಚಿಲ್ಲರೆ. ಲಾಗ್‌ನಲ್ಲಿ ಎಎಚ್01630, ‘ಕ್ಲೈಂಟ್ ಡಿನೈಡ್ ಬೈ ಸರ್ವರ್ ಕಾನ್ಫಿಗರೇಷನ್’ ಕಂಡರೆ ಅದೂ 403 ಆದರೂ ಚ್‌ಮಾಡ್‌ನಿಂದ ಹೋಗುವುದಿಲ್ಲ, ಕಾನ್ಫಿಗ್‌ನ ಆ ಡೈರೆಕ್ಟರಿ ಬ್ಲಾಕ್‌ನಲ್ಲಿ ‘ರಿಕ್ವೈರ್ ಆಲ್ ಗ್ರಾಂಟೆಡ್’ ಬೇಕು. ಗೇಟಿನ ಬೀಗದ 403ಕ್ಕೆ ಎಎಚ್00035 ಬರುತ್ತದೆ, ನಂಬರ್ ನೋಡಿದರೆ ಸಾಕು. ಪರೀಕ್ಷೆಗೆಂದು /ಟಿಎಂಪಿ ಒಳಗೆ ಬರೆಸಿ, ಫೈಲೇ ಕಾಣುತ್ತಿಲ್ಲ ಅಂತ ಗಾಬರಿ ಬೀಳಬೇಡಿ. ಉಬುಂಟುವಿನಲ್ಲಿ ಸಿಸ್ಟಂಡಿ ಅಪಾಚೆಗೆ ಅದರದ್ದೇ ಖಾಸಗಿ ಟಿಎಂಪಿ ಕೊಟ್ಟಿರುತ್ತದೆ. ಉಬುಂಟು ಬಿಟ್ಟು ಆಲ್ಮಾ ಅಥವಾ ರಾಕಿ ಲಿನಕ್ಸ್‌ಗೆ ಹೋದರೆ ಖಾತೆಯ ಹೆಸರು ಅಪಾಚೆ, ಮೇಲಾಗಿ ಎಸ್‌ಇಲಿನಕ್ಸ್ ಎಂಬ ಎರಡನೇ ಕಾವಲು. ಅಲ್ಲಿ 660, 2770 ಎಲ್ಲ ಸರಿ ಇದ್ದೂ ‘ಪರ್ಮಿಷನ್ ಡಿನೈಡ್’ ಬಂದರೆ ಎಲ್‌ಎಸ್ -ಝಡ್ ನೋಡಬೇಕು. ಬರೆಯುವ ಫೋಲ್ಡರ್‌ನ ಗುರುತು ಎಚ್‌ಟಿಟಿಪಿಡಿ_ಸಿಸ್_ಆರ್‌ಡಬ್ಲ್ಯೂ_ಕಂಟೆಂಟ್_ಟಿ ಆಗಿರಬೇಕು, ಅದನ್ನು ಸೆಮ್ಯಾನೇಜ್‌ನಿಂದ ದಾಖಲಿಸಿ ರಿಸ್ಟೋರ್‌ಕಾನ್ ಓಡಿಸಬೇಕು.

ಅಗ್ಗದ ಶೇರ್ಡ್ ಹೋಸ್ಟಿಂಗ್‌ಗೆ ಹೋಗುವ ಯೋಚನೆ ಇದೆ ಅಂದಿರಿ. ಅಲ್ಲಿ ಹೆಚ್ಚಾಗಿ ಸುಎಕ್ಸೆಕ್ ಇರುತ್ತದೆ, ಸ್ಕ್ರಿಪ್ಟ್ ನಿಮ್ಮದೇ ಖಾತೆಯಲ್ಲಿ ಓಡುತ್ತದೆ. ಸ್ಕ್ರಿಪ್ಟನ್ನಾಗಲಿ ಅದರ ಫೋಲ್ಡರನ್ನಾಗಲಿ ಗುಂಪಿನವರೋ ಹೊರಗಿನವರೋ ತಿದ್ದಬಹುದು ಅಂತಿದ್ದರೆ ಸುಎಕ್ಸೆಕ್ ಅದನ್ನು ಓಡಿಸಲು ಒಪ್ಪುವುದೇ ಇಲ್ಲ, 500 ಕೊಟ್ಟು ಸುಮ್ಮನಾಗುತ್ತದೆ. ಅಂದರೆ ಅಲ್ಲಿ 777 ಕೊಟ್ಟದ್ದೇ ರೋಗ. ಫೋಲ್ಡರ್ 755, ಸಿಜಿಐ ಸ್ಕ್ರಿಪ್ಟ್ 755, ಡಿಬಿ 600 ಸಾಕು. ಪಿಎಚ್‌ಪಿಗೆ ಬದಲಾಯಿಸಿದರೆ ಫೈಲ್‌ಗಳಿಗೆ 644, ಪಾಸ್‌ವರ್ಡ್ ಇರುವ ಕಾನ್ಫಿಗ್‌ಗೆ 600. ಪಿಎಚ್‌ಪಿ ಫೈಲನ್ನು ಪಿಎಚ್‌ಪಿ ಓದುತ್ತದೆ, ಯಾರೂ ನೇರವಾಗಿ ಓಡಿಸುವುದಿಲ್ಲ, ಹಾಗಾಗಿ ಎಕ್ಸ್ ಬೇಕಿಲ್ಲ.

ಇಷ್ಟೆಲ್ಲ ಆದ ಮೇಲೂ 500 ಬಂದರೆ ‘ಆಗುತ್ತಿಲ್ಲ’ ಅಂತ ಬರೆಯುವ ಬದಲು ಡಿಬಿ ಫೈಲಿನ ನೇಮ್‌ಐ -ಎಲ್ ಔಟ್‌ಪುಟ್ ಪೂರ್ತಿ ಮತ್ತು ಎರರ್ ಲಾಗ್‌ನ ಕೊನೆಯ ಹತ್ತು ಸಾಲು ಹಾಕಿ. ಹಾಕುವ ಮೊದಲು ಲಾಗ್‌ನಲ್ಲಿರುವ ಐಪಿ ವಿಳಾಸಗಳನ್ನು ಅಳಿಸಿಬಿಡಿ.